ಶ್ರೀಮುದ್ರೆ: ಇಲ್ಲಿ ಮದ್ದು, ದ್ವೀಪಗಳಲ್ಲಿ ಕಳೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಬಯಲುಸೀಮೆಯ ಹೊಲದ ಬದು, ರಸ್ತೆಯಂಚು ಹಾಗೂ ಪಾಳುಭೂಮಿಯಲ್ಲಿ ಬೆಳೆಯುವ ಪೊದೆಸಸ್ಯಗಳಲ್ಲಿ ಶ್ರೀಮುದ್ರೆಯೂ ಒಂದು. ಇದಕ್ಕೆ ತುತ್ತಿ ಎಂಬ ಹೆಸರೂ ಉಂಟು.

ಹತ್ತಿ, ದಾಸವಾಳಗಳಂತೆ ಇದೂ ಮ್ಯಾಲ್ವೇಸೀ ಕುಟುಂಬಕ್ಕೆ ಸೇರಿದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಬ್ಯುಟಿಲಾನ್ ಇಂಡಿಕಮ್. ಎಲೆ ಹೃದಯಾಕಾರದ್ದು, ಮುಟ್ಟಿದರೆ ಮಖಮಲ್ಲಿನಂತಿರುತ್ತದೆ. ಹಳದಿ ಹೂಗಳು ಸಂಜೆ ಅರಳುತ್ತವೆ. ಚಕ್ರಾಕಾರದ ಕಾಯಿ ಮುದ್ರೆಯನ್ನು ಹೋಲುತ್ತದೆ. ಆಯುರ್ವೇದದಲ್ಲಿ 'ಅತಿಬಲಾ' ಎಂದು ಹೆಸರಾದ ಇದರ ಬೇರು, ಎಲೆಗಳನ್ನು ಜ್ವರಕ್ಕೆ ಮದ್ದಾಗಿ ಬಳಸುವ ರೂಢಿಯಿದೆ.

ಆದರೆ ತವರಿನಾಚೆಗೆ ಒಯ್ಯಲ್ಪಟ್ಟ ಈ ಗಿಡವನ್ನು ಉಷ್ಣವಲಯದ ಕೆಲವು ದ್ವೀಪಗಳಲ್ಲಿ ಆಕ್ರಮಣಕಾರಿ ಸಸ್ಯವೆಂದು ಪರಿಗಣಿಸಲಾಗಿದೆ. ಒಣಗಿದ ಕಾಯಿ ಬಿರಿದು ಬೀಜಗಳು ಉದುರುತ್ತವೆ. ಭೂಖಂಡಗಳಿಂದ ದೂರ ಉಳಿದು ವಿಕಾಸಗೊಂಡ ದ್ವೀಪಗಳ ಮೂಲ ಸಸ್ಯಗಳಿಗೆ ಇಂಥ ಹೊಸ ಸ್ಪರ್ಧಿಗಳನ್ನು ಎದುರಿಸುವುದು ಕಷ್ಟ.

ತವರಿನಲ್ಲಿಯೂ ಎಚ್ಚರ ಅಗತ್ಯ. ಹತ್ತಿಯನ್ನು ಕಾಡುವ ಹಿಟ್ಟು ತಿಗಣೆ ಈ ಗಿಡದಲ್ಲಿಯೂ ಆಶ್ರಯ ಪಡೆಯುತ್ತದೆ. ಹತ್ತಿ ಹೊಲದ ಬದುವಿನಲ್ಲಿರುವ ಗಿಡಗಳನ್ನು ಕಾಯಿ ಒಣಗುವ ಮುನ್ನವೇ ಕಿತ್ತುಹಾಕುವುದು ಲೇಸು. ಪಾಳುಭೂಮಿಯಲ್ಲಿ ಬೆಳೆದದ್ದನ್ನು ಮದ್ದಿಗೆಂದು ಉಳಿಸಿಕೊಳ್ಳಬಹುದು.