ಪ್ರೊಸೆಸರ್: ಅಂದು, ಇಂದು

ಸಿಂಗಟಾಲೂರಿನ ರೈತರ ಪಹಣಿ ಒಂದು ಕಾಲಕ್ಕೆ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. 2000ರ ಸುಮಾರಿಗೆ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯಲ್ಲಿ ಸರ್ವೆ ನಂಬರ್ ಹೇಳಿದರೆ ಮುದ್ರಿತ ಪ್ರತಿ ಕೈಸೇರತೊಡಗಿತು. ಇಂಥ ಕಂಪ್ಯೂಟರ್‌ಗಳನ್ನು ನಡೆಸುವ ಡೆಸ್ಕ್‌ಟಾಪ್ ಪ್ರೊಸೆಸರ್ ಅಂದಿಗೂ ಇಂದಿಗೂ ಬಹಳ ಬದಲಾಗಿದೆ.

1993 – ಪೆಂಟಿಯಂ: 31 ಲಕ್ಷ ಟ್ರಾನ್ಸಿಸ್ಟರ್, 60–66 ಮೆಗಾಹರ್ಟ್ಜ್, 1 ಕೋರ್ (ಲೆಕ್ಕ ಮಾಡುವ ಘಟಕ).
2000 – ಪೆಂಟಿಯಂ 4: 4.2 ಕೋಟಿ ಟ್ರಾನ್ಸಿಸ್ಟರ್, ಆರಂಭದಲ್ಲಿ 1.4–1.5 ಗಿಗಾಹರ್ಟ್ಜ್, 1 ಕೋರ್.
2006 – ಕೋರ್ 2 ಡ್ಯುವೊ: 29.1 ಕೋಟಿ ಟ್ರಾನ್ಸಿಸ್ಟರ್, 2 ಕೋರ್.
2022 – ಕೋರ್ ಐ9-13900ಕೆ: ಗರಿಷ್ಠ 5.8 ಗಿಗಾಹರ್ಟ್ಜ್, 24 ಕೋರ್.

ವೇಗದ ಗುಟ್ಟು

ಗಿಗಾಹರ್ಟ್ಜ್ ಹೆಚ್ಚಿದ್ದರೆ ಕೆಲಸವೂ ಹೆಚ್ಚು ಎಂಬ ನಂಬಿಕೆ ಸುಳ್ಳಾದದ್ದು ಪೆಂಟಿಯಂ 4ರ ಕಾಲದಲ್ಲಿ. ಅದರ ವೇಗ 3.8 ಗಿಗಾಹರ್ಟ್ಜ್ ಮುಟ್ಟಿದಾಗ ಬಿಸಿ ವಿಪರೀತವಾಗಿ, 115 ವ್ಯಾಟ್‌ನಷ್ಟು ಶಾಖ ಹೊರಹಾಕಬೇಕಾಯಿತು. 65 ವ್ಯಾಟ್‌ನ ಕೋರ್ 2 ಡ್ಯುವೊ 2.4 ಗಿಗಾಹರ್ಟ್ಜ್‌ನಲ್ಲೇ ಅದನ್ನು ಹಿಂದಿಕ್ಕಿತು. ಗಿಗಾಹರ್ಟ್ಜ್ ಎಣಿಸುವ ಪ್ರತಿ ಮಿಡಿತಕ್ಕೂ ಅದು ಹೆಚ್ಚು ಕೆಲಸ ಮುಗಿಸುತ್ತಿತ್ತು. ಹೊಲದ ಕಳೆಗೆ ಒಬ್ಬರನ್ನೇ ಅವಸರಿಸುವ ಬದಲು ನಾಲ್ಕು ಆಳು ಹಚ್ಚಿದಂತೆ, ಮುಂದೆ ಕೋರ್‌ಗಳ ಸಂಖ್ಯೆ ಬೆಳೆಯಿತು.

ಕೆಲಸಕ್ಕೆ ತಕ್ಕ ಯಂತ್ರ

ಒಂದು ಪಹಣಿ ಹುಡುಕಿ ಮುದ್ರಿಸಲು ಹಳೆಯ ಪ್ರೊಸೆಸರೇ ಸಾಕಿತ್ತು. ವಿಡಿಯೊ ಸಂಕಲನ, ಉಪಗ್ರಹ ಚಿತ್ರಗಳ ವಿಶ್ಲೇಷಣೆಗೆ ಹೊಸದು ಬೇಕು. ಕಂಪ್ಯೂಟರ್ ಕೊಳ್ಳುವಾಗ ಗಿಗಾಹರ್ಟ್ಜ್ ಒಂದನ್ನೇ ನೋಡಬೇಡಿ. ಕೋರ್, ತಲೆಮಾರು, ವಿದ್ಯುತ್ ಬಳಕೆಗಳನ್ನೂ ಕೇಳಿ ತಿಳಿಯಿರಿ.