ಪಟ್ಟದ ದಿನ ದ್ರೌಪದಿ ಎಲ್ಲಿದ್ದಳು?

ಪಂಪನ ಪಾಠ ಮುಗಿದಾಗ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಪಟ್ಟ ಸುಭದ್ರೆಗಾದರೆ ದ್ರೌಪದಿ ಏನಾದಳು?" ಗಂಟೆ ಹೊಡೆಯಿತು, ನಾನು ಬಚಾವಾದೆ.

ಕ್ರಿ.ಶ. 941ರ ಸುಮಾರಿಗೆ ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಬೆರೆಸಿ ಕಾವ್ಯ ಬರೆದ. ದೊರೆಯ ಹೆಂಡತಿಗೆ ಐವರು ಗಂಡಂದಿರು ಸಲ್ಲದಲ್ಲ! ದ್ರೌಪದಿ ಅರ್ಜುನನೊಬ್ಬನವಳಾದಳು, ಕೊನೆಗೆ ಸಿಂಹಾಸನದಲ್ಲೂ ಅವಳಿಲ್ಲ. ಮುಂದೆ ರನ್ನ, ಸತ್ಯಾಶ್ರಯನನ್ನು ಭೀಮನಾಗಿಸಿ ದ್ರೌಪದಿಗೇ ಪಟ್ಟ ಕಟ್ಟಿಸಿದ. ನ್ಯಾಯವೇನೋ ಸಿಕ್ಕಿತು, ಅದೂ ಇನ್ನೊಬ್ಬ ದೊರೆಯ ಲೆಕ್ಕದಲ್ಲಿ. ಕುಮಾರವ್ಯಾಸನಲ್ಲಿ ಚಂಪೂ ಹೋಗಿ ಭಾಮಿನಿ ಷಟ್ಪದಿ; ಒಡೆಯನ ಜಾಗದಲ್ಲಿ ಕೃಷ್ಣ. ದ್ರೌಪದಿ ಮತ್ತೆ ಐವರ ಮಡದಿ, ಗಂಡಂದಿರನ್ನು ಬಾಯಿಬಿಟ್ಟು ಬೈಯುವವಳು. ಓದು ಬಾರದ ನಮ್ಮಜ್ಜಿ ಗಮಕ ಕೇಳಿ ಅತ್ತದ್ದು ಇವಳಿಗಾಗಿಯೇ.

ಇಷ್ಟನ್ನೂ ಮರುದಿನ ಹೇಳಿದೆ. "ಪರೀಕ್ಷೆಗೆ ಬರುತ್ತದಾ?" ಎಂದಳು. ಇಲ್ಲವೆಂದೆ. ಆದರೂ ಬರೆದುಕೊಂಡಳು.