ಸಂಘಟಿತ ಧರ್ಮವೇ, ಅಧ್ಯಾತ್ಮವೇ? ನಮ್ಮ ನಾಲ್ಕು ತಾಲೂಕುಗಳ ಇತಿಹಾಸದಲ್ಲಿ ಒಂದು ನೋಟ

ಕಳೆದ ವರ್ಷ ಹತ್ತನೆಯ ತರಗತಿಗೆ ವಚನಗಳ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಟೀಚರ್, ದೇವರನ್ನ ನಂಬಾಕ ಗುಡಿ, ಮಸೀದಿ, ಮಠ ಯಾಕ ಬೇಕ್ರೀ? ಇವು ಇರದಿದ್ರ ಜಗಳನೂ ಇರ್ತಿರಲಿಲ್ಲಲ್ರೀ?” ಅಷ್ಟರಲ್ಲಿ ಗಂಟೆ ಹೊಡೆಯಿತು. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಬರಲು ಒಂದು ವರ್ಷವೇ ಹಿಡಿಯಿತು.

ವಿದ್ಯಾರ್ಥಿ ಮಿತ್ರರೇ, ಈ ಪ್ರಶ್ನೆ ಆ ಹುಡುಗಿಯೊಬ್ಬಳದೇ ಅಲ್ಲ. ದಿನಪತ್ರಿಕೆ ತೆರೆದರೆ ಯಾರಿಗಾದರೂ ಬರುವಂಥದು. ಸಂಘಟಿತ ಧರ್ಮ ಎಂದರೆ ನಾನಿಲ್ಲಿ ಕಟ್ಟಡ, ಕಮಿಟಿ, ಚಂದಾ, ನಿಯಮ, ಇಮಾಮರು, ಸ್ವಾಮಿಗಳು, ಪಾದ್ರಿಗಳು ಎಲ್ಲವನ್ನೂ ಸೇರಿಸಿ ಹೇಳುತ್ತಿದ್ದೇನೆ. ಅಧ್ಯಾತ್ಮ ಎಂದರೆ ಮನುಷ್ಯ ತನ್ನ ಸೃಷ್ಟಿಕರ್ತನೊಂದಿಗೆ ಒಳಗೊಳಗೇ ಇಟ್ಟುಕೊಂಡ ಸಂಬಂಧ. ಪುಸ್ತಕದಲ್ಲಿ ಇವೆರಡನ್ನೂ ಬೇರೆ ಮಾಡುವುದು ಸುಲಭ. ಊರಿನಲ್ಲಿ ಕಷ್ಟ. ಅದಕ್ಕೆ ದೂರದ ಉದಾಹರಣೆ ಬೇಡ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ನೆಲದಲ್ಲಿ ನಡೆದದ್ದನ್ನೇ ನೋಡೋಣ.

ಮೊದಲು ಜೋಯಿಡಾ ತಾಲೂಕಿನ ಉಳವಿ. ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ಬರುವುದನ್ನು ನೋಡುತ್ತಲೇ ನಮ್ಮ ಭಾಗದ ಮಕ್ಕಳು ಬೆಳೆಯುತ್ತಾರೆ. ಎತ್ತುಗಳ ಕೊರಳಗಂಟೆ ಕೇಳಿಸಿದರೆ ನಮ್ಮ ಮನೆಯಲ್ಲಿ ನೀರು ತುಂಬಿದ ಬಕೆಟ್ ಬಾಗಿಲಾಚೆ ಹೋಗುತ್ತಿತ್ತು. “ಎತ್ತಿಗೆ ಯಾವ ಜಾತಿ?” ಎಂದು ಅಬ್ಬಾ ನಗುತ್ತಿದ್ದರು.

ಆ ಚಕ್ಕಡಿಗಳು ಹೋಗುವುದು ಚನ್ನಬಸವಣ್ಣನವರ ಸಮಾಧಿಗೆ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಮತ್ತು ಅವರ ಜೊತೆಯ ಶರಣರು ಹುಟ್ಟಿನಿಂದ ಬರುವ ಮೇಲು ಕೀಳನ್ನು ಒಪ್ಪಲಿಲ್ಲ, ಗುಡಿಯ ದೇವರಿಗೂ ಭಕ್ತನಿಗೂ ನಡುವೆ ನಿಂತ ಪೂಜಾರಿಯನ್ನೂ ಒಪ್ಪಲಿಲ್ಲ. ಸಮಗಾರ, ಅಂಬಿಗ, ಮಡಿವಾಳ, ಅಕ್ಕಿ ಆಯುವ ಹೆಂಗಸು ಎಲ್ಲರೂ ವಚನ ಹೇಳಿದರು. ವಚನ ರಚಿಸಿದ ಮಹಿಳೆಯರೇ ಮೂವತ್ತಕ್ಕೂ ಹೆಚ್ಚು. ಅಂದಿನ ಜಗತ್ತಿನಲ್ಲಿ ಇಂಥ ಇನ್ನೊಂದು ಕೂಟವನ್ನು ಹುಡುಕುವುದು ಕಷ್ಟ. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಮದುವೆಯ ನಂಟು ಬೆಳೆದಾಗ ಸಂಪ್ರದಾಯವಾದಿಗಳು ಸಿಡಿದೆದ್ದರು, ಬೀಗರಿಬ್ಬರಿಗೂ ಘೋರ ಮರಣದಂಡನೆಯಾಯಿತು ಎಂದು ಪರಂಪರೆ ಹೇಳುತ್ತದೆ. 1167-68ರ ಸುಮಾರಿಗೆ ಬಿಜ್ಜಳನ ಕೊಲೆಯಾಗಿ ಶರಣರು ಚದುರಿದರು. ಒಂದು ತಂಡ ಚನ್ನಬಸವಣ್ಣನವರೊಂದಿಗೆ ವಚನಗಳ ಕಟ್ಟು ಹೊತ್ತು ನಮ್ಮ ಈ ಕಾಡಿಗೆ ಬಂತು.

ಕಲ್ಲಿನ ಗುಡಿಯ ಹಂಗು ಬೇಡವೆಂದವರ ಸಮಾಧಿಯ ಮೇಲೆ ಈಗ ಕಲ್ಲಿನ ಗುಡಿಯಿದೆ, ತೇರಿದೆ, ಟ್ರಸ್ಟ್ ಇದೆ. ಕಾಲೇಜಿನಲ್ಲಿದ್ದಾಗ ನಾನು ಇದನ್ನು ಅಧ್ಯಾತ್ಮದ ಸೋಲು ಎಂದೇ ತಿಳಿದಿದ್ದೆ. ಆಮೇಲೆ ಫ.ಗು. ಹಳಕಟ್ಟಿಯವರ ಬಗ್ಗೆ ಓದಿದೆ. ಬಿಜಾಪುರದ ಈ ವಕೀಲರು ಮನೆ ಮನೆ, ಮಠ ಮಠ ಅಲೆದು ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ತಾಳೆಗರಿ ಏಳು ನೂರು ವರ್ಷ ತಾನಾಗಿ ಉಳಿಯುವ ವಸ್ತುವಲ್ಲ. ಗೆದ್ದಲು ತಿನ್ನುತ್ತದೆ, ಪ್ರತಿ ಮಾಡುತ್ತಲೇ ಇರಬೇಕು. 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ವಚನಗಳನ್ನು ಹುಡುಕಿ, ಜೋಡಿಸಿ, ಬರೆಸಿದ್ದರು. ಆ ಮಠಗಳಿಲ್ಲದಿದ್ದರೆ ನಮ್ಮ ಹತ್ತನೆಯ ತರಗತಿಯಲ್ಲಿ ವಚನದ ಪಾಠವಿಲ್ಲ, ಆ ಹುಡುಗಿಯ ಪ್ರಶ್ನೆಯೂ ಇಲ್ಲ. ಆದರೆ ಹಳಕಟ್ಟಿಯವರು ಹೋಗಿ ನೋಡಿದಾಗ ಎಷ್ಟೋ ಕಡೆ ಆ ಕಟ್ಟುಗಳು ಬಟ್ಟೆಯಲ್ಲಿ ಸುತ್ತಿ ಪೂಜೆಗೆ ಕೂತಿದ್ದವು. ಕುಂಕುಮವೇರುತ್ತಿತ್ತು, ಓದುವವರಿರಲಿಲ್ಲ. ಉಳಿಸಿದ್ದೂ ಸಂಘಟನೆಯೇ, ಕಟ್ಟಿಟ್ಟದ್ದೂ ಸಂಘಟನೆಯೇ. ನಮ್ಮ ಮನೆಗಳಲ್ಲಿ ಜುಜ್ದಾನಿನಲ್ಲಿ ಸುತ್ತಿ ಎತ್ತರದ ತಾಕಿನಲ್ಲಿಟ್ಟ ಕುರಾನ್ ನೆನಪಾದರೆ ನಗುವಂತಿಲ್ಲ.

ಶರಣರು ಬಂದದ್ದು ಮೂಡಣದಿಂದ. ಮೂರ್ನಾಲ್ಕು ಶತಮಾನಗಳ ನಂತರ ಇದೇ ಕಾಡಿಗೆ ಪಡುವಣದಿಂದ, ಗೋವೆಯ ಕಡೆಯಿಂದ ಬೇರೆ ಜನ ತಪ್ಪಿಸಿಕೊಂಡು ಬರತೊಡಗಿದರು. ಅವರೇ ಸಿದ್ದಿಗಳು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರು ಆಫ್ರಿಕಾದ ಪೂರ್ವ ಕರಾವಳಿಯಿಂದ ಮನುಷ್ಯರನ್ನು ಹಡಗಿನಲ್ಲಿ ತಂದು ಮಾರುತ್ತಿದ್ದರು. ಆ ಗುಲಾಮರಿಗೆ ದೀಕ್ಷಾಸ್ನಾನ ಮಾಡಿಸಿ ಕ್ರೈಸ್ತ ಹೆಸರಿಡಲಾಗುತ್ತಿತ್ತು, ಬೇಡಿ ಮಾತ್ರ ಬಿಚ್ಚುತ್ತಿರಲಿಲ್ಲ. ಅದೇ ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವೇ ವರ್ಷ ಬಿಟ್ಟು, ಧರ್ಮವಿಚಾರಣೆಯ ನ್ಯಾಯಾಲಯ ನಡೆಯಿತು. ಯಾರು ಏನು ನಂಬುತ್ತಾರೆ, ಮನೆಯಲ್ಲಿ ಯಾವ ಆಚರಣೆ ಮಾಡುತ್ತಾರೆ ಎಂದು ಕೇಳಿ ಶಿಕ್ಷಿಸುವ ನ್ಯಾಯಾಲಯ! ಸಂಘಟಿತ ಧರ್ಮ ಮಾಡಿದ ಕೇಡಿಗೆ ಸಾಕ್ಷಿ ಬೇಕೆನ್ನುವವರು ಜೋಯಿಡಾದ ಗಡಿ ದಾಟಿದರೆ ಸಾಕು.

ಹೀಗೆ ಇನ್ನೊಬ್ಬರ ಮನೆಯ ಕಸ ತೋರಿಸಿ ಸುಮ್ಮನಾಗುವುದು ಇತಿಹಾಸ ಬರೆಯುವ ರೀತಿಯಲ್ಲ. ಮೊದಲ ಅಜಾನ್ ಕೊಟ್ಟವರು ಆಫ್ರಿಕಾ ಮೂಲದ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಹಜರತ್ ಬಿಲಾಲ್ (ರ.ಅ.) ಎಂದು ನಾವು ಪ್ರತಿ ಭಾಷಣದಲ್ಲಿ ಹೇಳುತ್ತೇವೆ. ಹೇಳಲೇಬೇಕು. ಆದರೆ ದಖ್ಖನಿನ ಸುಲ್ತಾನರು ಹಬಶಿಗಳನ್ನು ಹಣ ಕೊಟ್ಟೇ ಕೊಂಡರು. ಇಥಿಯೋಪಿಯಾದ ಹುಡುಗ ಮಲಿಕ್ ಅಂಬರ್ ಕೈಯಿಂದ ಕೈಗೆ ಮಾರಾಟವಾಗಿ ಅಹಮದನಗರಕ್ಕೆ ಬಂದು, ರಾಜ್ಯವನ್ನೇ ನಡೆಸುವವನಾಗಿ 1626ರಲ್ಲಿ ತೀರಿಕೊಂಡ. ಅವನು ಮೇಲೇರಿದ್ದು ನಮಗೆ ಹೆಮ್ಮೆ. ಅವನಿಗೆ ಬೆಲೆ ಕಟ್ಟಿದವರಲ್ಲಿ ಕಲಿಮಾ ಓದಿದವರೂ ಇದ್ದರು ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಸಿದ್ದಿಗಳು ಇಂದು ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳಲ್ಲಿದ್ದಾರೆ. ಹಳಿಯಾಳ ತಾಲೂಕಿನಲ್ಲಿ ಮುಸ್ಲಿಂ ಮತ್ತು ಕ್ರೈಸ್ತ ಸಿದ್ದಿಗಳು ಹೆಚ್ಚು. ಆದರೂ ಡಮಾಮ್ ಬಾರಿಸಿದರೆ ಎಲ್ಲರ ಕಾಲೂ ಕುಣಿಯುತ್ತದೆ. ಪಕ್ಕದ ಯಲ್ಲಾಪುರ ತಾಲೂಕಿನ ಸಾತುಂಬೈಲಿನ ಸಿದ್ದಿನಾಸ್ ಗುಡಿಯಲ್ಲಿ ಮೂರೂ ಧರ್ಮದವರು ಸೇರುತ್ತಾರೆ. ಅಧ್ಯಾತ್ಮವೇ ಮೇಲು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ನಾನೂ ಒಪ್ಪುತ್ತೇನೆ. ಆದರೆ ಡಮಾಮ್ ಬಾರಿಸಿದರೆ ಹಾಸ್ಟೆಲ್ ಬರುವುದಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ಮೂರೂ ಧರ್ಮದವರು ಸಂಘ ಕಟ್ಟಿ, ಅರ್ಜಿ ಬರೆದು, ಕಚೇರಿ ತಿರುಗಿದ್ದರಿಂದ. ಕಾಡಂಚಿನ ಮಕ್ಕಳಿಗೆ ಅಕ್ಷರ ಕಲಿಸಲು ಮುಂದೆ ಬಂದವರಲ್ಲಿ ಚರ್ಚಿನವರೂ ಇದ್ದರು. ಮುಂಡಗೋಡದಲ್ಲಿ ಜೆಸುಯಿಟ್ ಪಾದ್ರಿಗಳ ಲೊಯೋಲಾ ವಿಕಾಸ ಕೇಂದ್ರ ಸಿದ್ದಿ, ಲಂಬಾಣಿ, ಗೌಳಿ ಜನರ ನಡುವೆ ಕೆಲಸ ಮಾಡುತ್ತ ಬಂದಿದೆ. ಹಿಂದೆ ಬೇಡಿ ಬಿಚ್ಚದ ಸಂಸ್ಥೆಯೇ ಮುಂದೆ ಪಾಟಿ ಬಳಪ ಕೊಟ್ಟಿತು. ಮುಸ್ಲಿಂ ಸಿದ್ದಿ ಮಕ್ಕಳ ಹೆಸರು ನಮ್ಮ ಅಂಜುಮನ್ ಶಾಲೆಗಳ ಹಾಜರಿ ಪುಸ್ತಕದಲ್ಲಿ ಎಷ್ಟಿವೆ? ಈ ಸಂಚಿಕೆ ಓದುವ ಸದಸ್ಯರು ಒಮ್ಮೆ ಎಣಿಸಿ ನೋಡಬೇಕೆಂದು ವಿನಂತಿ.

ಮುಂಡಗೋಡಕ್ಕೆ ತಾಗಿದ ಶಿಗ್ಗಾಂವಿ ತಾಲೂಕಿನ ಶಿಶುನಾಳ ಶರೀಫರ (1819–1889) ಹೆಸರು ಇಲ್ಲಿ ಬರದಿದ್ದರೆ ಓದುಗರು ಕ್ಷಮಿಸಲಾರರು. ಮುಸ್ಲಿಂ ತಂದೆತಾಯಿಯ ಮಗ, ಕಳಸದ ಬ್ರಾಹ್ಮಣ ಗೋವಿಂದ ಭಟ್ಟರ ಶಿಷ್ಯ. ಕೆಲಕಾಲ ಕನ್ನಡ ಶಾಲೆಯ ಮಾಸ್ತರರೂ ಆಗಿದ್ದರೆಂಬುದು ನನಗೆ ಖುಷಿಯ ಸಂಗತಿ. ಎರಡೂ ಕಡೆಯ ಮಡಿವಂತರು ಗುರುವನ್ನೂ ಶಿಷ್ಯನನ್ನೂ ಬಯ್ದರು. ಶರೀಫರು ಯಾವ ಪಂಥವನ್ನೂ ಕಟ್ಟಲಿಲ್ಲ. ಹಾಡು ಬಾಯಿಂದ ಬಾಯಿಗೆ ಉಳಿಯಿತು. ಇಲ್ಲಿ ಅಧ್ಯಾತ್ಮ ಗೆದ್ದಿತು ಎನ್ನಬಹುದು. ಆದರೆ ಅವರ ರಿವಾಯತ್ ಪದಗಳು ಮೊಹರಮ್ಮಿನ ಅಲಾವಿಯ ಸುತ್ತ ಹಾಡಲೆಂದು ಹುಟ್ಟಿದವು. ಪ್ರತಿ ವರ್ಷ ತಪ್ಪದೆ ಮೊಹರಮ್ ಮಾಡುವ ಊರಿದ್ದದ್ದರಿಂದ ಆ ಹಾಡಿಗೊಂದು ಅಂಗಳ ಸಿಕ್ಕಿತು. ಸೂಫಿಗಳ ಕಾದಿರಿ, ಚಿಶ್ತಿ ಮುಂತಾದ ಸಿಲ್ಸಿಲಾಗಳೂ ಗುರುಪರಂಪರೆ, ಖಾನ್ಕಾ, ಲಂಗರ್ ಇರುವ ಸಂಘಟನೆಗಳೇ. ಕಲಬುರಗಿಯಲ್ಲಿ 1422ರಲ್ಲಿ ನಿಧನರಾದ ಖ್ವಾಜಾ ಬಂದೇ ನವಾಜರ ಹೆಸರಿನಲ್ಲಿ ಈಗ ವಿಶ್ವವಿದ್ಯಾಲಯವೇ ಇದೆ.

ಇನ್ನು ಮುಂಡಗೋಡ. 1959ರಲ್ಲಿ ಟಿಬೆಟ್ ಬಿಟ್ಟು ಬಂದ ಭಿಕ್ಷುಗಳಲ್ಲಿ ಅನೇಕರು ಬಂಗಾಳದ ಬಕ್ಸಾದ ಹಳೆಯ ಸೆರೆಮನೆಯಲ್ಲಿ ಹತ್ತು ವರ್ಷ ಕಳೆದರು. ಕ್ಷಯ ಹಲವರನ್ನು ತಿಂದಿತು. ಅಲ್ಲಿಯೂ ತರ್ಕ, ಪಾಠ ನಿಲ್ಲಿಸಲಿಲ್ಲ. 1966ರಲ್ಲಿ ಮುಂಡಗೋಡದ ಕಾಡು ಕಡಿದು ನಿರಾಶ್ರಿತರ ವಸತಿ ಶುರುವಾಯಿತು. 1969ರಿಂದೀಚೆಗೆ ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಟಿಬೆಟ್ಟಿನಲ್ಲಿ ಅವು ಸ್ಥಾಪನೆಯಾದದ್ದು 1409 ಮತ್ತು 1416ರಲ್ಲಿ. ಕೆಲವು ನೂರು ಭಿಕ್ಷುಗಳು ಗೋವಿನಜೋಳ ಬೆಳೆಯುತ್ತ ಕಟ್ಟಿದ ಮಠಗಳಲ್ಲಿ ಈಗ ಸಾವಿರಾರು ಜನ ಓದುತ್ತಾರೆ. ಬರೀ ಏಕಾಂತದ ಧ್ಯಾನ ಇದನ್ನು ಮಾಡುತ್ತಿರಲಿಲ್ಲ. ಪಠ್ಯಕ್ರಮ ಬೇಕಿತ್ತು, ಪರೀಕ್ಷೆ ಬೇಕಿತ್ತು, ಅಡುಗೆಮನೆ ಬೇಕಿತ್ತು.

ಆ ಮಠಗಳಲ್ಲೂ ಎಲ್ಲವೂ ಶಾಂತವಲ್ಲ. ಶುಗ್ದೆನ್ ಎಂಬ ರಕ್ಷಕ ದೇವತೆಯನ್ನು ಆರಾಧಿಸಬೇಕೇ ಬೇಡವೇ ಎಂಬ ವಾದದಲ್ಲಿ 2008ರಲ್ಲಿ ಭಿಕ್ಷುಗಳು ಇಬ್ಭಾಗವಾದರು. ಮಸಲಕ್ಕಿನ ಹೆಸರಿನಲ್ಲಿ ಮಸೀದಿ ಬೇರೆ ಮಾಡಿಕೊಂಡ ನಮಗೆ ಇದು ಹೊಸದಲ್ಲ, ಬಿಡಿ. ಕುತೂಹಲದ ಸಂಗತಿಯೆಂದರೆ, ಇಷ್ಟು ದೊಡ್ಡ ಸಂಘಟನೆಯ ಗುರುವಾದ ದಲಾಯಿ ಲಾಮಾ ಅವರು 2011ರಲ್ಲಿ ರಾಜಕೀಯ ಅಧಿಕಾರವನ್ನು ಬಿಟ್ಟುಕೊಟ್ಟರು. ಅದೇ ವರ್ಷ, ಸದಾಚಾರಕ್ಕೆ ಧರ್ಮದ ಆಧಾರ ಇರಲೇಬೇಕೆಂದಿಲ್ಲ ಎಂದು ವಾದಿಸುವ ಪುಸ್ತಕವನ್ನೂ ಪ್ರಕಟಿಸಿದರು.

ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು 2016ರ ಡಿಸೆಂಬರ್. ಗೆಶೆ ಎಂಬುದು ಆ ಮಠಗಳ ಅತ್ಯುನ್ನತ ಪದವಿ. ಹದಿನೈದು ಇಪ್ಪತ್ತು ವರ್ಷದ ಓದು ಬೇಡುತ್ತದೆ. ಶತಮಾನಗಳ ಕಾಲ ಅದು ಪುರುಷರಿಗಷ್ಟೇ. ಹೆಂಗಸರಿಗೆ ಜಪವುಂಟು, ಧ್ಯಾನವುಂಟು, ಅಂದರೆ ಅಧ್ಯಾತ್ಮವೆಲ್ಲ ಉಂಟು. ತರ್ಕದ ಅಂಗಳವೂ ಪದವಿಯೂ ಇಲ್ಲ. ನಿರಾಶ್ರಿತರಾಗಿ ಬಂದ ಮೇಲೆ ಭಿಕ್ಷುಣಿಯರಿಗೂ ಶಾಸ್ತ್ರದ ಓದು ಮೆಲ್ಲನೆ ತೆರೆಯಿತು. ಮುಂಡಗೋಡದಲ್ಲೇ ಜಂಗ್ಚುಬ್ ಚೋಲಿಂಗ್ ಎಂಬ ಭಿಕ್ಷುಣಿಯರ ಮಠವಿದೆ. ಕೊನೆಗೆ ಇದೇ ಮುಂಡಗೋಡದ ದ್ರೆಪುಂಗ್ ಮಠದಲ್ಲಿ 20 ಭಿಕ್ಷುಣಿಯರ ಮೊದಲ ತಂಡ ‘ಗೆಶೆಮಾ’ ಪದವಿ ಪಡೆಯಿತು. ಬಾಗಿಲು ಮುಚ್ಚಿಟ್ಟಿದ್ದ ಸಂಸ್ಥೆಯೇ ಒಳಗಿನವರು ಬಡಿದ ಮೇಲೆ ತೆರೆಯಿತು.

ಈ ಸಂಗತಿ ಓದಿದ ದಿನ ನನಗೆ ನೆನಪಾದವರು ನಮ್ಮ ನಾನಿ. ಪ್ರತಿ ರಂಜಾನಿನಲ್ಲಿ ಕುರಾನ್ ಪೂರ್ತಿ ಓದುತ್ತಿದ್ದರು. ತಹಜ್ಜುದ್‌ಗೆ ಏಳುವುದನ್ನು ಎಂದೂ ತಪ್ಪಿಸಿದವರಲ್ಲ. ಬಾಗಿಲಿಗೆ ಬಂದ ಯಾರನ್ನೂ ಬರಿಗೈಲಿ ಕಳಿಸಿದವರಲ್ಲ. ಅವರಷ್ಟು ದೇವಭಯವುಳ್ಳವರನ್ನು ನಾನು ಕಂಡಿಲ್ಲ. ಆದರೆ ಪಡಿತರ ಚೀಟಿಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಅವರ ಬಾಲ್ಯದಲ್ಲಿ ಮಹಲ್ಲಾದ ಹಿರಿಯರು, ಹುಡುಗಿಗೆ ಓದು ಸಾಕು, ಬರೆಯಲು ಕಲಿತರೆ ಯಾರಿಗಾದರೂ ಪತ್ರ ಬರೆದಾಳು ಎಂದಿದ್ದರಂತೆ. ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುವಾಗ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅಂಥದೇ ಹಿರಿಯರ ಮೊಮ್ಮಕ್ಕಳು ಅಂಗಡಿ ಅಂಗಡಿಗೆ ಹೋಗಿ ಚಂದಾ ಕೂಡಿಸಿ ನಡೆಸಿದ ಶಾಲೆಯಲ್ಲಿ ನಾನು ಓದಿದೆ. ಬಿ.ಎಡ್. ಫೀ ಕಟ್ಟಲು ಜಮಾತಿನ ಫಂಡು ನೆರವಾಯಿತು. ನಾನಿಯ ಕೈಯಿಂದ ಪೆನ್ನು ಕಸಿದದ್ದೂ ಸಂಘಟಿತ ಧರ್ಮ, ನನ್ನ ಕೈಗೆ ಸೀಮೆಸುಣ್ಣ ಕೊಟ್ಟದ್ದೂ ಸಂಘಟಿತ ಧರ್ಮ. ನಾನಿಯ ಅಧ್ಯಾತ್ಮ ನನ್ನದಕ್ಕಿಂತ ಎಷ್ಟೋ ಎತ್ತರದ್ದು. ಅದು ಅವರಿಗೆ ಸಬರ್ ಕೊಟ್ಟಿತು, ಸಹಿ ಕೊಡಲಿಲ್ಲ.

ಈ ಬದಲಾವಣೆ ಆಕಾಶದಿಂದ ಇಳಿದದ್ದಲ್ಲ. 1875ರಲ್ಲಿ ಅಲಿಗಢದಲ್ಲಿ ಶಾಲೆ ತೆರೆದ ಸರ್ ಸೈಯದ್ ಅಹಮದ್ ಖಾನರ ಮೇಲೆ ಫತ್ವಾಗಳೇ ಹೊರಟವು. ಆ ಸರ್ ಸೈಯದರೂ ಹುಡುಗಿಯರ ಶಾಲೆಗೆ ಇನ್ನೂ ಕಾಲ ಬಂದಿಲ್ಲ ಎಂದವರೇ! ಅಲಿಗಢದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1906ರಲ್ಲಿ, ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ. 1920ರಲ್ಲಿ ಅಲಿಗಢ ವಿಶ್ವವಿದ್ಯಾಲಯವಾದಾಗ ಮೊದಲ ಕುಲಾಧಿಪತಿಯಾದವರು ಭೋಪಾಲದ ಸುಲ್ತಾನ್ ಜಹಾನ್ ಬೇಗಂ. ನಮ್ಮ ಜಿಲ್ಲೆಯ ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರಲ್ಲೇ ಹುಟ್ಟಿತ್ತು. ಎಲ್ಲ ಕಡೆಯೂ ತಡೆದವರು ಧರ್ಮದ ಹೆಸರು ಹೇಳಿದರು, ತೆರೆದವರೂ ಧರ್ಮದ ಹೆಸರನ್ನೇ ಹೇಳಿದರು.

ಆದ್ದರಿಂದ ಸಂಘಟಿತ ಧರ್ಮದಿಂದ ಕೇಡು ಹೆಚ್ಚೋ ಒಳಿತು ಹೆಚ್ಚೋ ಎಂದು ತಕ್ಕಡಿ ಹಿಡಿದು ತೂಗಲು ನನಗೆ ಮನಸ್ಸಿಲ್ಲ. ಅಧ್ಯಾತ್ಮವೊಂದೇ ಸಾಕು, ಕಮಿಟಿ ಗಿಮಿಟಿ ಬೇಡ ಎನ್ನುವವರು ಬಹುಮಟ್ಟಿಗೆ ಈಗಾಗಲೇ ಓದು ಮುಗಿಸಿ ನೌಕರಿ ಹಿಡಿದವರು ಎಂಬುದನ್ನು ಕಂಡಿದ್ದೇನೆ. ಬಾಗಿಲು ಇನ್ನೂ ತೆರೆಯದವರಿಗೆ ಬಾಗಿಲೂ ಬೇಕು, ಬಡಿಯುವ ಕೈಗಳೂ ಬೇಕು. ನಮ್ಮ ಅಂಜುಮನ್‌ಗಳ ಆಡಳಿತ ಮಂಡಳಿಗಳ ಸಭೆಯ ಫೋಟೋದಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ ಎಂದು ಆ ಹುಡುಗಿ ಕೇಳಿದರೆ ಏನು ಹೇಳಲಿ ಎಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ.

ಅವಳೀಗ ಪಿಯುಸಿಯಲ್ಲಿದ್ದಾಳೆ. ಈ ಸಂಚಿಕೆಯ ಒಂದು ಪ್ರತಿಯನ್ನು ಅವಳಿಗೆ ಕಳಿಸುತ್ತೇನೆ. ಒಪ್ಪುತ್ತಾಳೋ ಇಲ್ಲವೋ, ಇನ್ನೊಂದು ಪ್ರಶ್ನೆಯಂತೂ ಬರುತ್ತದೆ.